ಮೂರು ಹೊರಗೆ, ಎರಡು ಒಳಗೆ

ನಮ್ಮ ಸೋದರಮಾವನಿಗೆ ಬದುಕಿರುವವರ ಮೇಲೆ ಅಷ್ಟೇನೂ ಆಸಕ್ತಿ ಇಲ್ಲ. ಇದು ನಾನು ಹೊರಿಸುತ್ತಿರುವ ಆರೋಪವಲ್ಲ, ಬೇಕಾದರೆ ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯವನನ್ನು ಕೇಳಿ. ಸಾವಿನ ಮಾತೆತ್ತದೆ ಅವರು ಒಂದೇ ಒಂದು ಲೋಟ ಚಹಾ ಕುಡಿದು ಎದ್ದದ್ದನ್ನು ಅವನು ಕಂಡಿಲ್ಲ. ಹಾಗಂತ ಮಾವ ಜ್ಯೋತಿಷಿಯಲ್ಲ, ವಿಮೆ ಮಾಡಿಸುವವರೂ ಅಲ್ಲ. ಪಿಯುಸಿ ಮಕ್ಕಳಿಗೆ ಜೀವಮಾನವಿಡೀ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಜೀವಶಾಸ್ತ್ರದ ಮೇಷ್ಟ್ರಿಗೆ ಜೀವಕ್ಕಿಂತ ಸಾವೇ ಇಷ್ಟವಾದರೆ ಯಾರು ತಾನೇ ಏನು ಮಾಡಲು ಸಾಧ್ಯ?

ಅದೂ ಎಂಥ ಸಾವು! ಮನುಷ್ಯರದ್ದಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಮಾವನಿಗೆ ಬೇಕಾದದ್ದು ಜೀವಕೋಶದ ಸಾವು. ಕಣ್ಣಿಗೆ ಕಾಣದ, ಕೈಗೆ ಸಿಗದ, ಸತ್ತರೆ ಹನ್ನೊಂದನೆಯ ದಿನದ ಊಟವೂ ಇಲ್ಲದ ಸಾವು. ಮಾವ ಮದುವೆಯಾಗಲಿಲ್ಲ. ಯಾಕೆ ಎಂದು ನೆಂಟರಲ್ಲಿ ಹತ್ತು ಕಥೆಗಳಿವೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಇದೇ ಪಾಠ ಶುರು ಮಾಡಿದರಂತೆ ಎಂಬುದು ನನಗೆ ನಂಬಲರ್ಹವಾಗಿ ಕಾಣುವ ಕಥೆ.

ಪಾಠ ಸರಳವಾಗಿದೆ, ನೀವೂ ಕೇಳಿಬಿಡಿ. ನಾನು ಲಂಗ ಹಾಕುತ್ತಿದ್ದ ಕಾಲದಿಂದ ಕೇಳುತ್ತ ಬಂದಿದ್ದೇನೆ, ನೀವು ಒಂದು ಸಲ ಕೇಳಿದರೆ ಸವೆದು ಹೋಗುವುದಿಲ್ಲ. ನಮ್ಮ ಮೈಯಲ್ಲಿರುವ ಒಂದೊಂದು ಜೀವಕೋಶವೂ ಒಂದೊಂದು ಮನೆ. ಮನೆಯೊಳಗೆ ಪೊಟ್ಯಾಸಿಯಂ ತುಂಬಿರಬೇಕು, ಸೋಡಿಯಂ ಅಂಗಳದಲ್ಲಿರಬೇಕು. ಆದರೆ ಇವೆರಡೂ ಇದ್ದಲ್ಲಿ ಇರುವ ಪೈಕಿ ಅಲ್ಲ. ಸೋಡಿಯಂ ಸಂದಿಯಲ್ಲಿ ನುಸುಳಿ ಒಳಗೆ ಬರುತ್ತಲೇ ಇರುತ್ತದೆ, ಪೊಟ್ಯಾಸಿಯಂ ಸೋರಿ ಹೊರಗೆ ಹೋಗುತ್ತಲೇ ಇರುತ್ತದೆ. ಅದಕ್ಕಾಗಿ ಗೋಡೆಯಲ್ಲೊಂದು ಪಂಪು. ಬಿಡುವಿಲ್ಲದೆ ಮೂರು ಸೋಡಿಯಂ ಹೊರಗೆ ಹಾಕುವುದು, ಎರಡು ಪೊಟ್ಯಾಸಿಯಂ ಒಳಗೆ ತರುವುದು, ಇಷ್ಟೇ ಅದರ ಕೆಲಸ. ಮೂರು ಹೊರಗೆ, ಎರಡು ಒಳಗೆ. ಬದುಕು ಅಂದರೆ ಇದೇ, ಉಳಿದದ್ದೆಲ್ಲ ಬರೀ ಗಲಾಟೆ ಎಂದು ಮಾವ ಹೇಳುತ್ತಾರೆ.

ಇನ್ನು ಸಾಯುವುದರಲ್ಲಿ ಎರಡು ಬಗೆ. ಪೆಟ್ಟು ಬಿದ್ದ ಕೋಶಕ್ಕೆ ಸೋಡಿಯಂ ನುಗ್ಗುತ್ತದೆ, ಅದರ ಹಿಂದೆ ನೀರು ನುಗ್ಗುತ್ತದೆ, ಕೋಶ ಉಬ್ಬಿ ಟಪ್ಪೆಂದು ಒಡೆಯುತ್ತದೆ. ಅಕ್ಕಪಕ್ಕದ ಕೋಶಗಳಿಗೆಲ್ಲ ಉರಿ, ಬಾವು, ರಂಪ. ಇದು ಮಾವನಿಗೆ ಹಿಡಿಸದ ಸಾವು. ಎರಡನೆಯದು ಅವರ ಮೆಚ್ಚಿನದು. ತನ್ನ ಕೆಲಸ ಮುಗಿಯಿತು ಎಂದು ಕೋಶವೇ ತೀರ್ಮಾನ ಮಾಡಿಕೊಳ್ಳುತ್ತದೆ. ಒಳಗಿನ ಪೊಟ್ಯಾಸಿಯಂ ಹೊರಗೆ ಹೊರಡುತ್ತದೆ, ಜೊತೆಗೆ ನೀರೂ ಹೊರಡುತ್ತದೆ, ಕೋಶ ಕುಗ್ಗುತ್ತದೆ. ಒಳಗೆ ಮೊದಲಿನಿಂದಲೂ ಕತ್ತರಿಗಳಿರುತ್ತವಂತೆ. ಪೊಟ್ಯಾಸಿಯಂ ತುಂಬಿರುವವರೆಗೆ ಬಾಯಿ ಮುಚ್ಚಿಕೊಂಡಿರುತ್ತವೆ, ಅದು ಕಡಿಮೆಯಾದದ್ದೇ ತಡ, ಸಿಕ್ಕಿದ್ದನ್ನೆಲ್ಲ ಕತ್ತರಿಸತೊಡಗುತ್ತವೆ. ಆಮೇಲೆ ಕೋಶ ತನ್ನನ್ನು ತಾನೇ ಸಣ್ಣ ಸಣ್ಣ ಗಂಟು ಕಟ್ಟಿಡುತ್ತದೆ, ನೆರೆಯ ಕೋಶಗಳು ಬಂದು ಒಂದೊಂದು ಗಂಟನ್ನು ನುಂಗಿ ಹೋಗುತ್ತವೆ. ಸದ್ದಿಲ್ಲ, ಬಾವಿಲ್ಲ, ಅಲ್ಲೊಂದು ಕೋಶ ಇತ್ತು ಎಂಬ ಗುರುತೂ ಇಲ್ಲ. ಎಂಥ ಮರ್ಯಾದಸ್ಥ ಸಾವು ನೋಡು ಎಂದು ಮಾವ ಇಲ್ಲಿಗೆ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ಸಂಗೀತ ಕೇಳುವವರು ಹಾಗೆ ಮುಚ್ಚಿಕೊಳ್ಳುವುದನ್ನು ನೋಡಿದ್ದೇನೆ.

ತರಗತಿಯಲ್ಲಿ ದಾಸವಾಳದ ಹೂವು ಹಿಡಿದುಕೊಂಡು ನಿಂತರೂ ಹತ್ತು ನಿಮಿಷದಲ್ಲಿ ಮಾವ ಈ ಸಾವಿಗೆ ಬಂದು ಮುಟ್ಟುತ್ತಿದ್ದರು. ಒಂದು ಸಲ ಕಿರುಪರೀಕ್ಷೆಯಲ್ಲಿ ದಾಸವಾಳದ ಭಾಗಗಳನ್ನು ಬರೆಯಿರಿ ಎಂದು ಕೇಳಿದ್ದಕ್ಕೆ ಹುಡುಗಿಯೊಬ್ಬಳು "ಮೂರು ಹೊರಗೆ, ಎರಡು ಒಳಗೆ" ಎಂದು ಬರೆದಿದ್ದಳಂತೆ. ಮಾವ ಅರ್ಧ ಅಂಕ ಕೊಟ್ಟರು. ಹೂವಿಗೆ ಅದು ತಪ್ಪು ಉತ್ತರವಾದರೂ ಜೀವನಕ್ಕೆ ಸರಿ ಇದೆಯಲ್ಲ ಎಂಬುದು ಅವರ ವಾದ.

ಊರಿನಲ್ಲಿ ಅವರಿಗೆ ಪೊಟ್ಯಾಷ್ ಮೇಷ್ಟ್ರು ಎಂದು ಹೆಸರು ಬಿದ್ದದ್ದಕ್ಕೆ ಕಾರಣ ಒಬ್ಬ ರೈತ. ಅಂಬ್ಲಿಗೊಳದ ನಾಲೆ ನೀರಲ್ಲಿ ಮೆಕ್ಕೆಜೋಳ ಬೆಳೆಯುವವನು. ಅಂಚು ಸುಟ್ಟಂತಾದ ಒಂದು ಎಲೆ ಹಿಡಿದು ಗೊಬ್ಬರದ ಅಂಗಡಿಗೆ ಹೋದಾಗ ಅಂಗಡಿಯವರು ಇದು ಪೊಟ್ಯಾಷ್ ಕಡಿಮೆಯಾದದ್ದು ಎಂದರಂತೆ. ಪೊಟ್ಯಾಷ್ ವಿಷಯ ಬಲ್ಲ ಮೇಷ್ಟ್ರು ಇದ್ದಾರೆ ಎಂದು ಯಾರೋ ಪುಣ್ಯಾತ್ಮರು ಅವನನ್ನು ಮಾವನ ಮನೆಗೆ ಕಳಿಸಿದರು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ತಾನಾಗಿ ಬಂದ ಶ್ರೋತೃ! ಮಾವ ಬಿಡುತ್ತಾರೆಯೇ? ಕುರ್ಚಿ ಕೊಟ್ಟರು, ನೀರು ಕೊಟ್ಟರು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕೋಶ ಬರೆದರು, ಅದನ್ನು ಕುಗ್ಗಿಸಿದರು, ಗಂಟು ಕಟ್ಟಿದರು, ನೆರೆಯವರಿಂದ ನುಂಗಿಸಿದರು. ರೈತ ಒಂದು ಗಂಟೆ ಕಣ್ಣು ಮಿಟುಕಿಸದೆ ಕೇಳಿ, ಕೊನೆಗೆ ಎಲೆಯನ್ನು ಮತ್ತೆ ಮುಂದೆ ಹಿಡಿದ.

"ಸರ, ನೀವು ಹೇಳಿದ್ದೆಲ್ಲ ಬರೋಬ್ಬರಿ ಐತ್ರಿ. ಎಕರೆಗೆ ಎಷ್ಟು ಚೀಲ ಹಾಕ್ಲಿ, ಅದೊಂದು ಹೇಳಿಬಿಡ್ರಿ."

ಮಾವ ಸೀಮೆಸುಣ್ಣ ಕೆಳಗಿಟ್ಟು, ಅದು ತನಗೆ ಗೊತ್ತಿಲ್ಲ ಎಂದರು. ರೈತ ಚಹಾದಂಗಡಿಗೆ ಬಂದು, ಪೊಟ್ಯಾಷ್ ಮೇಷ್ಟ್ರಿಗೆ ಪೊಟ್ಯಾಷ್ ಒಂದು ಬಿಟ್ಟು ಉಳಿದದ್ದೆಲ್ಲ ಗೊತ್ತು ಎಂದು ಹೇಳಿ ಹೋದ. ಹೆಸರು ಉಳಿದುಕೊಂಡಿತು. ಈಗಲೂ ಮುಂಗಾರಿಗೆ ಮೊದಲು ಇಬ್ಬರೋ ಮೂವರೋ ಎಲೆ ಹಿಡಿದು ಅವರ ಮಾಳಿಗೆ ಮೆಟ್ಟಿಲು ಹತ್ತುತ್ತಾರೆ.

ಇಷ್ಟಾದರೆ ಸಹಿಸಬಹುದಿತ್ತು. ಕಷ್ಟವಾಗುತ್ತಿದ್ದದ್ದು ಅವರನ್ನು ಸಾವಿನ ಮನೆಗೆ ಕರೆದುಕೊಂಡು ಹೋಗುವುದು. ಉಡುತಡಿಯಲ್ಲಿ ನಮ್ಮ ದೂರದ ನೆಂಟರ ಮನೆಯ ಹಿರಿಯರು ಶಿವೈಕ್ಯರಾಗಿದ್ದರು. ಮಾವ ನೇರವಾಗಿ ಹಿರಿಮಗನ ಬಳಿ ಹೋಗಿ, ದನಿ ತಗ್ಗಿಸಿ, "ಅಪ್ಪಾಜಿ ಉಬ್ಬಿ ಹೋದ್ರೋ, ಕುಗ್ಗಿ ಹೋದ್ರೋ?" ಎಂದು ಕೇಳಿದರು. ಆ ಮಹಾರಾಯ ಅಳುತ್ತಿದ್ದವನು ಅಳು ನಿಲ್ಲಿಸಿ, ಕೊನೆಗೆ ಸ್ವಲ್ಪ ಕುಗ್ಗಿದ್ದರು ಎಂದ. ಮಾವ ಸಮಾಧಾನದಿಂದ ಅವನ ಭುಜ ತಟ್ಟಿ, ಒಳ್ಳೇದಾಯ್ತು ಬಿಡು, ಇನ್ನು ನೀವೆಲ್ಲ ಹಂಚಿಕೊಂಡು ನುಂಗಬಹುದು ಎಂದರು! ಅಣ್ಣತಮ್ಮಂದಿರು ಹಿಂದಿನ ದಿನವಷ್ಟೇ ಪಹಣಿ ತೆಗೆಸಿ ಯಾರ ಪಾಲು ಎಲ್ಲಿ ಎಂದು ನೋಡಿಕೊಂಡಿದ್ದರೆಂದು ಮಾವನಿಗೇನು ಗೊತ್ತು? ಅವರು ಹೇಳಿದ್ದು ಜೀವಶಾಸ್ತ್ರ. ನಾಲ್ವರೂ ಮುಖ ಕೆಂಪಗೆ ಮಾಡಿಕೊಂಡು ನಾಲ್ಕು ದಿಕ್ಕಿಗೆ ಹೋದರು. ಕುಣಿಯಲ್ಲಿ ಕೂರಿಸಿ ವಿಭೂತಿ, ಪತ್ರೆ ಹಾಕಿ, ಚೀಲದಿಂದ ಉಪ್ಪು ಸುರಿಯುವಾಗ ಮಾವ ಬಗ್ಗಿ ನೋಡಿ, ಸೋಡಿಯಂ ಹೊರಗಡೆ, ಸರಿಯಾಗಿದೆ ಎಂದು ತಲೆದೂಗಿದರು. ಅಂದಿನಿಂದ ಆ ಮನೆಯವರು ನಮ್ಮನ್ನು ಮದುವೆಗೂ ಕರೆದಿಲ್ಲ.

ಇಂಥ ಮನುಷ್ಯನನ್ನು ಹೆದರಿಸಬಲ್ಲ ಒಂದೇ ಒಂದು ಜೀವ ಭೂಮಿಯ ಮೇಲಿತ್ತು. ಅದು ಅವರ ಅಕ್ಕ, ಅಂದರೆ ನನ್ನ ಅಮ್ಮ. ಅಮ್ಮ ಸೊರಬದಲ್ಲಿ ನನ್ನ ಮನೆಯಲ್ಲಿದ್ದಳು. ನಾನು ದಿನಾ ಬಸ್ಸು ಹಿಡಿದು ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಹೋಗಿ ಅಲ್ಲಿನ ಕಚೇರಿಯೊಂದರಲ್ಲಿ ಕಡತ ತಿರುವುವವಳು. ಹೀಗಾಗಿ ಪ್ರತಿ ಸೋಮವಾರ ಅಮ್ಮನ ಮೂರು ಡಬ್ಬಿಯ ಟಿಫಿನ್ ಕ್ಯಾರಿಯರ್ ನನ್ನ ಕೈಯಲ್ಲಿ ಹೋಗುತ್ತಿತ್ತು. ಒಂದರಲ್ಲಿ ಉಪ್ಪಿನಕಾಯಿ, ಒಂದರಲ್ಲಿ ಚಟ್ನಿಪುಡಿ, ಇನ್ನೊಂದರಲ್ಲಿ ಬಾಳಕದ ಮೆಣಸಿನಕಾಯಿಯೋ ಸಂಡಿಗೆಯೋ. ಬುಧವಾರ ಸಂಜೆ ಕ್ಯಾರಿಯರ್ ವಾಪಸು ಬರುತ್ತಿತ್ತು.

ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಮಾವ ಏನು ಮಾಡುತ್ತಿದ್ದರು? ಒಂದು ಡಬ್ಬಿಯಲ್ಲಿ ಪುಟ್ಟಬಾಳೆ ಹಣ್ಣು ತುರುಕುತ್ತಿದ್ದರು. ಇನ್ನೊಂದರಲ್ಲಿ ಪಾಕದಂತೆ ಸುರಿಯುವ ಜೋನಿಬೆಲ್ಲ. ಮೂರನೆಯದನ್ನು ಲಕಲಕ ತೊಳೆದು ಖಾಲಿ ಇಡುತ್ತಿದ್ದರು. ಅಮ್ಮನಿಗೆ ಮೈ ಉರಿದು ಹೋಗುತ್ತಿತ್ತು. ಒಂದು ಡಬ್ಬಿ ಖಾಲಿ ಕಳಿಸುವುದೂ ಒಂದೇ, ಅಕ್ಕನ ಮನೆ ಬರಿದಾಗಲಿ ಅನ್ನುವುದೂ ಒಂದೇ ಎಂದು ಆಗಲೇ ಫೋನು ಹಚ್ಚುತ್ತಿದ್ದಳು. ಮಾವನದು ಒಂದೇ ಉತ್ತರ. ಅಕ್ಕ ಕಳಿಸುವುದು ಮೂರೂ ಉಪ್ಪಿನ ಪದಾರ್ಥ, ಅಂದರೆ ಸೋಡಿಯಂ. ತಾನು ಕಳಿಸುವ ಬಾಳೆಹಣ್ಣು, ಬೆಲ್ಲ ಎರಡೂ ಪೊಟ್ಯಾಸಿಯಂ. ಮೂರು ಹೊರಗೆ, ಎರಡು ಒಳಗೆ. ಲೆಕ್ಕ ಸರಿ ಇದೆಯಲ್ಲ?

"ಮೂರೂ ತುಂಬಿ ಕಳಿಸಿದ್ರೆ ನಿನ್ ಗಂಟೇನು ಹೋಗ್ತದೆ?" ಎಂದು ಅಮ್ಮ ಒಮ್ಮೆ ಕೇಳಿದಳು.

"ಮೂರೂ ತುಂಬಿ ಬಂದ್ರೆ ಪಂಪು ಕೆಟ್ಟಿದೆ ಅಂತ ಅರ್ಥ ಕಣಕ್ಕ."

"ಮೂರೂ ಖಾಲಿ ಬಂದ್ರೆ?"

"ನಿಂತೇ ಹೋಗಿದೆ ಅಂತ."

ಅಮ್ಮ ಫೋನಿಟ್ಟು, "ಖಾಲಿ ಡಬ್ಬಿ ಕಳಿಸ್ತಾನೆ, ಮೇಷ್ಟ್ರಂತೆ ಮೇಷ್ಟ್ರು" ಎಂದು ನನ್ನ ಮುಖ ನೋಡಿ ಬೈಯುತ್ತಿದ್ದಳು. ಬೈದು, ಆ ಬಾಳೆಹಣ್ಣನ್ನು ಯಾರಿಗೂ ಕೊಡದೆ ತಾನೇ ತಿನ್ನುತ್ತಿದ್ದಳು. ಇದು ವಾರಕ್ಕೊಂದು ಸಲದಂತೆ ಎಷ್ಟೋ ವರ್ಷ ನಡೆಯಿತು. ಬೈಗುಳದ ಮಾತುಗಳೂ ಬದಲಾಗಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಅಮ್ಮ ಕುಳಿತಲ್ಲೇ ಹೋಗಿಬಿಟ್ಟಳು. ಮಾವ ಬಂದರು. ಈ ಮನುಷ್ಯ ಇವತ್ತು ಏನು ಕೇಳುತ್ತಾರೋ ಎಂದು ನೆಂಟರೆಲ್ಲ ಮೈಯೆಲ್ಲ ಕಿವಿಯಾಗಿ ಕಾದರು. ಉಬ್ಬಿದ್ದೋ ಕುಗ್ಗಿದ್ದೋ ಎಂದು ಅವರು ಕೇಳಲಿಲ್ಲ. ಉಪ್ಪು ಹಾಕುವ ಸರದಿ ಬಂದಾಗ ಮುಷ್ಟಿಯಲ್ಲಿ ತೆಗೆದುಕೊಂಡವರು ಅದನ್ನು ಹಾಕದೆ ಹಾಗೇ ನಿಂತಿದ್ದರು, ಹಿಂದಿನವರು ಸ್ವಲ್ಪ ಮುಂದೆ ಹೋಗ್ರೀ ಎನ್ನುವವರೆಗೆ. ಸದ್ಯ, ಮೇಷ್ಟ್ರು ಇವತ್ತಾದರೂ ಮರ್ಯಾದೆ ಉಳಿಸಿದರು ಎಂದು ನಾವೆಲ್ಲ ನಿಟ್ಟುಸಿರು ಬಿಟ್ಟೆವು. ನಾನೂ ಬಿಟ್ಟೆ, ಸುಳ್ಳೇಕೆ ಹೇಳಲಿ. ಕ್ಯಾರಿಯರ್ ಆ ವಾರ ಮಾವನ ಮನೆಯಲ್ಲಿತ್ತು. ಅದನ್ನು ಒಯ್ಯುವ ಸೋಮವಾರ, ತರುವ ಬುಧವಾರ ಎರಡೂ ನನ್ನ ತಲೆಯಿಂದ ಬಿಟ್ಟುಹೋದವು.

ಅದಾಗಿ ಎರಡು ತಿಂಗಳಿಗೆ ಮಾವನಿಗೆ ಹೊಸ ಹುಚ್ಚು ಹತ್ತಿತು. ಮನೆಯ ಸಾಮಾನು ಕೊಡುವ ಹುಚ್ಚು! ಮೊದಲು ಪುಸ್ತಕಗಳು ಕಾಲೇಜಿಗೆ ಹೋದವು. ಹಿಂದೆಯೇ ಅವರು ಮಗುವಿನಂತೆ ಒರೆಸಿ ಇಡುತ್ತಿದ್ದ ಸೂಕ್ಷ್ಮದರ್ಶಕ ಹೋಯಿತು. ಈ ಹುಚ್ಚು ಮಾತ್ರ ನಮಗೆಲ್ಲ ಬಹಳ ಹಿಡಿಸಿತು ನೋಡಿ. ಅವರ ತೇಗದ ಮೇಜಿನ ಮೇಲೆ ನನಗೆ ಮೊದಲಿನಿಂದಲೂ ಒಂದು ಕಣ್ಣಿತ್ತು. ತಗೊಂಡು ಹೋಗು ಎಂದದ್ದೇ ತಡ, ಮಾವ ಮನಸ್ಸು ಬದಲಿಸುವುದರೊಳಗೆ ಗೂಡ್ಸ್ ಆಟೋ ತರಿಸಿದೆ. ಬೇಡ ಬೇಡ ಎಂದು ಎರಡು ಸಲ ಅಂದೆ, ಮೂರನೆಯ ಸಲ ಅನ್ನಲಿಲ್ಲ. ಚಂದ್ರಗುತ್ತಿಯಲ್ಲಿರುವ ಚಿಕ್ಕಮ್ಮ, ಮಾವನಿಗೆ ತಂಗಿ, ಫ್ರಿಜ್ಜು ಮತ್ತು ಮಿಕ್ಸಿ ಎರಡನ್ನೂ ಜೀಪಿಗೆ ಹಾಕಿಸಿಕೊಂಡು ಹೋದಳು. ಮರುವಾರ ಅಷ್ಟು ದೂರದಿಂದ ಮತ್ತೆ ಬಂದಳು. ಅಣ್ಣನನ್ನು ನೋಡಬೇಕು ಅನ್ನಿಸಿತೇ? ಅಲ್ಲ, ಸಣ್ಣ ಜಾರಿನ ಮುಚ್ಚಳ ಉಳಿದುಹೋಗಿತ್ತು!

ಸೈಕಲ್ಲು ಹೋಯಿತು, ಕಪಾಟು ಹೋಯಿತು, ಗೋಡೆಯ ಗಡಿಯಾರ ಹೋಯಿತು. ಮಾವನ ಅಂಗಿಯ ಕಾಲರಿನಲ್ಲಿ ಇನ್ನೊಂದು ಕುತ್ತಿಗೆ ಹಿಡಿಸುವಷ್ಟು ಜಾಗವಾಯಿತು. ಸಕ್ಕರೆ ಕಾಯಿಲೆ ಇರಬೇಕು ಎಂದು ನಾವೇ ತೀರ್ಮಾನಿಸಿ ರಕ್ತ ಪರೀಕ್ಷೆ ಮಾಡಿಸಿದೆವು. ಎಲ್ಲ ಸರಿ ಇದೆ ಎಂದು ಬಂತು. ಸರಿ ಇದ್ದ ಮೇಲೆ ಇನ್ನೇನು? ಚಹಾದಂಗಡಿಯವನು ಮಾತ್ರ ಒಂದು ದಿನ ನನ್ನನ್ನು ನಿಲ್ಲಿಸಿ, "ಮೇಷ್ಟ್ರು ಈಗ ಪಾಠ ಮಾಡಲ್ರೀ ಅಕ್ಕಾರ, ಸುಮ್ನೆ ಚಾ ಕುಡಿದು ಹೋಗ್ತಾರ" ಎಂದ. ನಿಮ್ಮ ಗಿರಾಕಿಗಳು ಬದುಕಿಕೊಂಡರಲ್ಲ ಎಂದು ನಗೆಯಾಡಿ ನಾನು ಬಸ್ಸಿಗೆ ಓಡಿದೆ.

ಕಳೆದ ತಿಂಗಳು ಒಂದು ಗುರುವಾರ ಮಧ್ಯಾಹ್ನ ಮಾವ ನಮ್ಮ ಕಚೇರಿಗೇ ಬಂದರು. ಕೈಯಲ್ಲಿ ಬಟ್ಟೆಯ ಚೀಲ. ಕೂತುಕೊಳ್ಳಿ ಎಂದರೂ ಕೂರಲಿಲ್ಲ. "ಅಕ್ಕಂದು ಇದೊಂದು ಉಳ್ಕೊಂಡಿತ್ತು. ನಿನ್ ಹತ್ರಾನೇ ಇರ್ಲಿ" ಎಂದು ಚೀಲವನ್ನು ನನ್ನ ಮೇಜಿನ ಮೇಲಿಟ್ಟು, ಪಕ್ಕದ ಮೇಜಿನವರಿಗೆ ಒಂದು ನಮಸ್ಕಾರ ಮಾಡಿ ಹೋದರು. ಪೊಟ್ಯಾಸಿಯಂ ಎಂಬ ಶಬ್ದ ಒಮ್ಮೆಯೂ ಬರಲಿಲ್ಲ.

ಬಾಳೆಹಣ್ಣು ಇರಬಹುದೆಂದು ಚೀಲದಲ್ಲಿದ್ದ ಅಮ್ಮನ ಕ್ಯಾರಿಯರ್ ಬಿಚ್ಚಿದೆ. ನಿಜ ಹೇಳಬೇಕೆಂದರೆ ಹಸಿವಾಗಿತ್ತು. ಮೊದಲ ಡಬ್ಬಿ ಖಾಲಿ. ಎರಡನೆಯದು ಖಾಲಿ. ಮೂರನೆಯದು ಖಾಲಿ. ಮೂರೂ ಲಕಲಕ ತೊಳೆದು, ಒರೆಸಿ, ಒಣಗಿಸಿದ್ದವು.

ನಾನು ಜೀವಶಾಸ್ತ್ರದಲ್ಲಿ ಅಷ್ಟು ಜಾಣೆಯೇನಲ್ಲ. ಆದರೆ ಒಂದೇ ಪಾಠವನ್ನು ನಲವತ್ತು ವರ್ಷ ಕೇಳಿದವಳಿಗೆ ಇಷ್ಟೂ ಹೊಳೆಯದೆ ಇರುತ್ತದೆಯೇ? ಕೆಲಸ ಮುಗಿಯಿತೆಂದು ತೀರ್ಮಾನ ಮಾಡಿಕೊಂಡು, ಒಳಗಿದ್ದದ್ದನ್ನು ಒಂದೊಂದಾಗಿ ಹೊರಗೆ ಕಳಿಸುತ್ತ, ಕುಗ್ಗುತ್ತ, ತನ್ನನ್ನೇ ಗಂಟು ಕಟ್ಟಿಡುತ್ತಿರುವ ಮನುಷ್ಯನನ್ನು ನಾವು ಹುಚ್ಚ ಎಂದು ನಕ್ಕಿದ್ದೆವು. ಯಾರಿಗೂ ಉರಿಯಿಲ್ಲ, ಬಾವಿಲ್ಲ. ನೆರೆಯ ಕೋಶಗಳು ಯಾವುವು ಎಂದು ಬೇರೆ ಹೇಳಬೇಕೆ? ಮೇಜು ನುಂಗಿದವಳು ನಾನು. ಚಿಕ್ಕಮ್ಮ ಮುಚ್ಚಳವನ್ನೂ ಬಿಡಲಿಲ್ಲ. ಉಡುತಡಿಯ ಅಣ್ಣತಮ್ಮಂದಿರ ಮುಖ ಅಂದು ಯಾಕೆ ಕೆಂಪಾಯಿತೆಂದು ನನಗೆ ಅವತ್ತು ಗೊತ್ತಾಯಿತು. ಕಚೇರಿಯಲ್ಲಿ ಎಲ್ಲರೆದುರು ಕೂತು ನನಗೆ ಭಯವಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಭಾನುವಾರ ಅಮ್ಮನ ಚಟ್ನಿಪುಡಿ ಮಾಡಲು ಕುಳಿತೆ. ಅವಳ ಕೈಯ ಹದ ನನಗೆಲ್ಲಿಂದ ಬರಬೇಕು? ಉಪ್ಪು ಮಿತಿಮೀರಿತು. ಬಾಳಕ ಕಪ್ಪಗಾಯಿತು. ಉಪ್ಪಿನಕಾಯಿ ಮಾತ್ರ ಅಮ್ಮನೇ ಹಾಕಿಟ್ಟದ್ದು, ಜಾಡಿಯ ತಳದಲ್ಲಿ ಉಳಿದಿತ್ತು, ಅದನ್ನು ಬಳಿದು ತುಂಬಿದೆ. ಸೋಮವಾರ ಬೆಳಿಗ್ಗೆ ಮಾವನ ಮಾಳಿಗೆ ಮೆಟ್ಟಿಲು ಹತ್ತಿದಾಗ ಬಾಗಿಲು ತೆರೆದ ಸದ್ದೇ ಮೂರು ಸಲ ಕೇಳಿಸಿತು. ಸಾಮಾನೇ ಇಲ್ಲದ ಮನೆ. ಒಂದು ಚಾಪೆ, ಒಂದು ತಟ್ಟೆ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಆ ಹಳೆಯ ಕೋಶ.

"ಇದನ್ನ ನಿಂಗೇ ಕೊಟ್ಟಿದ್ನಲ್ಲ" ಎಂದರು ಮಾವ.

"ವಾಪಸ್ ಕೊಡೋಕೆ ತಂದಿಲ್ಲ ಮಾವ, ತುಂಬಿ ತಂದಿದೀನಿ. ಬುಧವಾರ ಸಂಜೆ ಬರ್ತೀನಿ."

ಅವರು ಮೇಲಿನ ಡಬ್ಬಿ ತೆಗೆದು, ಒಂದು ಚಿಟಿಕೆ ಚಟ್ನಿಪುಡಿ ನಾಲಿಗೆಗೆ ಹಚ್ಚಿಕೊಂಡು, ಮುಖ ಹಿಂಡಿದರು. ನಾನು ಅಲ್ಲಿ ನಿಲ್ಲಲಿಲ್ಲ, ನಿಂತಿದ್ದರೆ ಅತ್ತುಬಿಡುತ್ತಿದ್ದೆ.

ಮಂಗಳವಾರ ನನ್ನ ಮನೆಯಲ್ಲಿದ್ದ ಮೇಜನ್ನು ಮಾವನಿಗೆ ವಾಪಸು ಕಳಿಸಲು ಮತ್ತೆ ಗೂಡ್ಸ್ ಆಟೋ ಹೇಳಿದೆ. ಚಿಕ್ಕಮ್ಮನಿಗೂ ಫೋನು ಮಾಡಿದೆ. ಮಿಕ್ಸಿ ತರುತ್ತೇನೆ ಎಂದು ಒಪ್ಪಿದಳು. ಮುಚ್ಚಳ ಎಲ್ಲಿಟ್ಟೆನೋ ಹುಡುಕಬೇಕು ಎಂದಳು.

ಬುಧವಾರ ಸಂಜೆ ಮಾವ ಚೀಲವನ್ನು ಬಾಗಿಲಲ್ಲೇ ಕೈಗಿಟ್ಟರು. ತೂಕ ಇದ್ದ ಹಾಗಿತ್ತು, ಇಲ್ಲದ ಹಾಗೂ ಇತ್ತು. ಸ್ಟೀಲಿನದ್ದೇ ಭಾರವೋ ಏನೋ. ಬಿಚ್ಚಿ ನೋಡುವ ಧೈರ್ಯವಾಗದೆ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೂತೆ. ಶಿರಾಳಕೊಪ್ಪ ದಾಟಿದ ಮೇಲೆ ಸೀರೆಗೆ ಏನೋ ಅಂಟಂಟು ತಾಗಿತು. ಮುಟ್ಟಿ ನೋಡಿದರೆ ಜೋನಿಬೆಲ್ಲ! ನನ್ನ ಒಳ್ಳೆಯ ಸೀರೆ ಹಾಳಾದದ್ದಕ್ಕೆ ನಾನು ಜೀವನದಲ್ಲಿ ಅಷ್ಟು ಸಂತೋಷಪಟ್ಟದ್ದಿಲ್ಲ. ಅವಸರದಿಂದ ಬಿಚ್ಚಿದೆ. ಮೊದಲನೆಯದರಲ್ಲಿ ಪುಟ್ಟಬಾಳೆ ಹಣ್ಣು, ತುರುಕಿದ ರಭಸಕ್ಕೆ ಎರಡು ಒಡೆದಿದ್ದವು. ಎರಡನೆಯದರಲ್ಲಿ ಬೆಲ್ಲ. ಕೊನೆಯ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ಹಲ್ಲು ಕಚ್ಚಿ ತೆಗೆದೆ.

ಲಕಲಕ ತೊಳೆದಿತ್ತು. ಒಳಗೆ ಏನೂ ಇರಲಿಲ್ಲ.

"ಖಾಲಿ ಡಬ್ಬಿ ಕಳಿಸ್ತಾನೆ, ಮೇಷ್ಟ್ರಂತೆ ಮೇಷ್ಟ್ರು" ಎಂದು ಗಟ್ಟಿಯಾಗಿಯೇ ಬೈದೆ. ಪಕ್ಕದ ಸೀಟಿನ ಹೆಂಗಸು ಬೈಯುವವಳು ಯಾಕೆ ಅಳುತ್ತಾಳೆ ಎಂದು ನನ್ನನ್ನೇ ನೋಡುತ್ತಿದ್ದಳು. ಅವಳಿಗೊಂದು ಬಾಳೆಹಣ್ಣು ಕೊಡಬೇಕು ಅನ್ನಿಸಿತು. ಕೊಡಲಿಲ್ಲ, ಎಲ್ಲವನ್ನೂ ನಾನೇ ತಿಂದೆ.